ರೇಡಿಯೋನ ಮಾತಿಗೆ ಮೂರು ಬಣ್ಣ

ಆ ಬೀದಿಯಲ್ಲಿ ಕಟಿಂಗ್ ಅಂಗಡಿ ಇಟ್ಟಿದ್ದವನಿಗೆ ಜನ ಇಟ್ಟ ಹೆಸರು ರೇಡಿಯೋ. ಬೆಳಿಗ್ಗೆ ಷಟರ್ ಎತ್ತಿದಾಗ ಶುರುವಾದ ಬಾಯಿ ಸಂಜೆ ಷಟರ್ ಇಳಿಸುವವರೆಗೂ ನಿಲ್ಲುತ್ತಿರಲಿಲ್ಲ. ಕೈ ಒಬ್ಬ ಗಿರಾಕಿಯ ತಲೆಯ ಮೇಲೆ, ಬಾಯಿ ಬೀದಿಯವರೆಲ್ಲರ ತಲೆಯ ಮೇಲೆ. ಹಾಗಂತ ಕೆಲಸದಲ್ಲಿ ಕಳಪೆಯೇನಲ್ಲ. ಅವನ ಕೈಯಲ್ಲಿ ಕ್ರಾಪು ತೆಗೆಸಿಕೊಂಡು ಎದ್ದವನು ಕನ್ನಡಿಯಲ್ಲಿ ತನ್ನನ್ನು ತಾನೇ ಎರಡು ಸಲ ನೋಡಿಕೊಂಡೇ ಹೋಗಬೇಕು, ಅಷ್ಟು ಚೆಂದ. ಆದರೆ ನಿಜ ಹೇಳಬೇಕೆಂದರೆ ಗಿರಾಕಿಗಳು ಬರುತ್ತಿದ್ದುದು ಕ್ರಾಪಿಗಲ್ಲ, ಹೆಸರುಗಳಿಗೆ.

ಹೌದು, ಹೆಸರಿಡುವುದರಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ. ಕತ್ತು ಮುಂದೆ ಚಾಚಿ ನಡೆಯುವ ಬ್ಯಾಂಕಿನವನು ‘ನಲ್ಲಿ’. ಹೊಸದಾಗಿ ಹಲ್ಲಿನ ಸೆಟ್ಟು ಹಾಕಿಸಿಕೊಂಡ ಟೈಪಿಂಗ್ ಮೇಡಮ್ಮು ‘ಹಾರ್ಮೋನಿಯಂ’. ಎರಡನೇ ಮದುವೆಯಾದ ದಿನಸಿ ಅಂಗಡಿಯವನು ‘ರಿಪೀಟು’. ಒಬ್ಬ ಎದ್ದು ಬಾಗಿಲು ದಾಟಿದ್ದೇ ತಡ, ಅವನ ಬೆನ್ನಿಗೊಂದು ಹೆಸರು ಹೋಗಿ ಅಂಟಿಕೊಳ್ಳುತ್ತಿತ್ತು. ಕೂತಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಾವೂ ಇನ್ನು ಸ್ವಲ್ಪ ಹೊತ್ತಿಗೆ ಎದ್ದು ಹೋಗಬೇಕಾದವರೇ ಎಂಬುದು ಒಬ್ಬರಿಗೂ ಹೊಳೆಯುತ್ತಿರಲಿಲ್ಲ.

ಅಂಥ ರೇಡಿಯೋ ಒಂದು ಬೆಳಿಗ್ಗೆ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದವನು ಹಾಗೇ ಕುಸಿದ. ಮಿದುಳಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಆಸ್ಪತ್ರೆಯಿಂದ ಮನೆಗೆ ಬಂದು ಸ್ವಲ್ಪ ದಿನಕ್ಕೆ ಕಾಲು ಸರಿಹೋಯಿತು, ಕೈ ಸರಿಹೋಯಿತು. ಹೆಂಡತಿಯ ಹೊಲಿಗೆ ಕತ್ತರಿ ತೆಗೆದುಕೊಂಡು ಹಳೇ ಪೇಪರನ್ನು ಕೂದಲೆಳೆಯಷ್ಟು ತೆಳ್ಳಗೆ ಕತ್ತರಿಸಿ ತೋರಿಸಿದ. ಮಾತು ಮಾತ್ರ ಬರಲಿಲ್ಲ. ಎಲ್ಲ ಅರ್ಥವಾಗುತ್ತಿತ್ತು. ಏನು ಹೇಳಬೇಕೋ ಅದು ತಲೆಯೊಳಗೆ ಸ್ನಾನ ಮಾಡಿ ಬಟ್ಟೆ ಹಾಕಿಕೊಂಡು ಸಿದ್ಧವಾಗಿಯೇ ನಿಂತಿರುತ್ತಿತ್ತು. ನಾಲಿಗೆಗೆ ಬರುವಷ್ಟರಲ್ಲಿ ‘ಅದು’ ಆಗಿಬಿಡುತ್ತಿತ್ತು. ನೀರು ಬೇಕೆಂದರೂ ಅದು, ಫ್ಯಾನು ಆರಿಸಿ ಎಂದರೂ ಅದು.

ಮನೆಯಲ್ಲಿದ್ದವರು ಮೂರೇ ಜನ. ಅವನು, ಹೆಂಡತಿ, ಅವನ ತಂಗಿ. ಮಕ್ಕಳಿಲ್ಲ. ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಯೂನಿಫಾರಂ ಹೊಲಿಯುವವಳು. ಮಾತು ಕಮ್ಮಿ, ಎಷ್ಟೋ ವರ್ಷ ರೇಡಿಯೋನ ಜೊತೆ ಬಾಳಿದ ಮೇಲೆ ಬೇರೆಯವರಿಗೆ ಮಾತಿಗೆ ಜಾಗ ಎಲ್ಲಿರುತ್ತದೆ ಹೇಳಿ. ತಂಗಿ ಮದುವೆಯಾದ ವರ್ಷವೇ ಗಂಡನ ಮನೆಯಿಂದ ತಿರುಗಿ ಬಂದವಳು. ಕೊರಿಯರ್ ಆಫೀಸಿನಲ್ಲಿ ಪಾರ್ಸಲ್ ವಿಂಗಡಿಸುವ ಕೆಲಸ. ಅವಳಿಗೆ ಎಲ್ಲವೂ ಸಾಲಾಗಿ, ನೀಟಾಗಿ, ಚೀಟಿ ಅಂಟಿಸಿಕೊಂಡು ಇರಬೇಕು. ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಅವಳದೇ ಚೀಟಿ. ಅಣ್ಣನಿಗೆ ಹೀಗಾದ ದಿನದಿಂದ ಫೋನಿನ ನೋಟ್ಸ್ ಆ್ಯಪಿನಲ್ಲಿ ದಿನಾ ಬರೆದಿಡುತ್ತಿದ್ದಳು. ಟೀ ನೋಡಿ ಅಣ್ಣ ನೀರು ಅಂದ. ಬಾಚಣಿಗೆ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡು ಅತ್ತ, ಯಾಕೋ ಗೊತ್ತಾಗಲಿಲ್ಲ. ಹೀಗೆ.

ಒಂದು ಭಾನುವಾರ ಫೋನು ಹಿಡಿದುಕೊಂಡು ಕುಣಿಯುತ್ತಾ ಬಂದಳು.

"ಅತ್ತಿಗೆ, ನೋಡಿ ಇಲ್ಲಿ! ನನ್ ಆ್ಯಪಲ್ಲಿ ಹೊಸದು ಬಿಟ್ಟಿದ್ದಾರೆ. ಡೇಟಾಬೇಸು!"

"ಹಂಗಂದ್ರೆ?"

"ಹಂಗಂದ್ರೆ... ಇಷ್ಟು ದಿನ ನಾನು ಅಣ್ಣನ್ ವಿಷ್ಯ ಬರ್ದಿದ್ದೆಲ್ಲ ಒಗ್ದ್ ಬಟ್ಟೆ ಥರ ರಾಶಿ ಬಿದ್ದಿತ್ತಲ್ಲ? ಈಗ ಎಲ್ಲ ಮಡ್ಚಿ ಕಪಾಟಿಗಿಡಬಹುದು. ಒಂದೊಂದ್ ಮಾತಿಗೂ ಒಂದೊಂದ್ ಸಾಲು. ಫೋಟೋ ಹಾಕ್ಬಹುದು, ಬಣ್ಣ ಹಾಕ್ಬಹುದು, ಹೆಂಗ್ ಬೇಕೋ ಹಂಗೆ ಗುಂಪು ಮಾಡ್ಬಹುದು."

"ನಿಜವಾದ್ ಬಟ್ಟೆ ಮಂಚದ್ ಮೇಲಿದೆ. ಅದನ್ ಮಡ್ಚೋ ಡೇಟಾಬೇಸ್ ಬಂದ್ರೆ ಹೇಳು."

"ಥೂ, ನಿಮಗೆ ಉತ್ಸಾಹಾನೇ ಇಲ್ಲ ಅತ್ತಿಗೆ!"

ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರು ಚಿತ್ರ ತೋರಿಸಿ ಹೆಸರು ಹೇಳಿಸಿ ಎಂದಿದ್ದರು. ಅದಕ್ಕೇ ತಂಗಿ ಮನೆಯಲ್ಲಿ ಕಂಡದ್ದಕ್ಕೆಲ್ಲ ಫೋಟೋ ತೆಗೆದಳು. ಉಪ್ಪಿನ ಡಬ್ಬಿ, ಬಾಗಿಲು, ಚಪ್ಪಲಿ, ಬಕೆಟ್ಟು, ಅಂಗಡಿಗೆ ಹೋಗಿ ಅಲ್ಲಿಯ ಸಾಮಾನು, ಕೊನೆಗೆ ಮನೆಯವರು. ಪ್ರತಿಯೊಂದಕ್ಕೂ ಒಂದು ಸಾಲು. ಸಾಲಿನಲ್ಲಿ ‘ಏನು’ ಅಂತ ಒಂದು ಕಾಲಮ್ಮು, ಅವಳ ಬಾಯಲ್ಲಿ ಕಂಬ, ‘ಅಣ್ಣ ಏನಂದ’ ಅಂತ ಒಂದು, ‘ಫಲಿತಾಂಶ’ ಅಂತ ಇನ್ನೊಂದು. ಫಲಿತಾಂಶಕ್ಕೆ ಮೂರೇ ಬಣ್ಣ. ಬಂತು ಎಂದರೆ ಹಸಿರು, ಅರ್ಧ ಬಂತು ಎಂದರೆ ಹಳದಿ, ಬರಲಿಲ್ಲ ಎಂದರೆ ಕೆಂಪು. ಹಳೇ ನೋಟುಗಳನ್ನೂ ಒಂದೊಂದಾಗಿ ಅದರೊಳಗೆ ತುರುಕಿದಳು. ಬಾಚಣಿಗೆ ಹಿಡಿದು ಅತ್ತದ್ದಕ್ಕೆ ಕಂಬ ಇರಲಿಲ್ಲ. ‘ಮೂಡು’ ಅಂತ ಒಂದು ಮಾಡಿ ಅದರಲ್ಲಿ ‘ಕಿರಿಕಿರಿ’ ಎಂದು ಹಾಕಿದಳು.

ರೇಡಿಯೋ ಪಕ್ಕದಲ್ಲೇ ಕೂತು ನೋಡುತ್ತಿದ್ದ. ಅಂದು ಕಣ್ಣಲ್ಲಿ ನೀರು ಬಂದದ್ದು ಯಾಕೆಂದು ಅವನಿಗೆ ಗೊತ್ತಿತ್ತು. ಬಾಚಣಿಗೆಯ ಹಲ್ಲಿನಲ್ಲಿ ಅಂಗಡಿಯ ಪೌಡರಿನ ವಾಸನೆ ಇನ್ನೂ ಇತ್ತು. ಹೇಳೋಣವೆಂದು ಬಾಯಿ ತೆರೆದ.

"ಅದು," ಎಂದ.

"ಹ್ಞೂಂ ಅಣ್ಣ, ಅದೇ. ಚೆನ್ನಾಗಿದೆ ಅಲ್ವಾ?" ಎಂದಳು ತಂಗಿ.

ಮರುದಿನ ಅವಳು ಇನ್ನೊಂದು ಕಂಡುಹಿಡಿದಳು. ‘ಅಣ್ಣ ಏನಂದ’ ಎಂಬ ಕಂಬದ ಮೇಲೆ ಗುಂಪು ಮಾಡಿದರೆ ಒಂದೇ ಥರದ ಉತ್ತರಗಳೆಲ್ಲ ಒಂದೇ ಹಣೆಪಟ್ಟಿಯ ಕೆಳಗೆ ಬಂದು ಸೇರುತ್ತಿದ್ದವು. ಗುಂಪು ಮಾಡಿದಳು. ಪರದೆಯ ಮೇಲೆ ‘ಅದು’ ಎಂದು ದಪ್ಪಗೆ ಬಂತು. ಅದರ ಕೆಳಗೆ ಉಪ್ಪು, ಬಾಗಿಲು, ಆಕಾಶ, ಕತ್ತರಿ, ಹೆಂಡತಿ, ಬಕೆಟ್ಟು, ಒಂದರ ಬೆನ್ನಿಗೆ ಒಂದು, ಬೆರಳಲ್ಲಿ ಎಳೆದಷ್ಟೂ ಮುಗಿಯದು.

"ಅಯ್ಯೋ, ನೋಡಿ ಅತ್ತಿಗೆ, ಅಣ್ಣಂಗೆ ಪ್ರಪಂಚಾನೇ ಅದು! ನೀವೂ ಬಕೆಟ್ಟೂ ಅಕ್ಕಪಕ್ಕ!" ತಂಗಿ ಬಿದ್ದು ಬಿದ್ದು ನಕ್ಕಳು. ಮನೆಗೆ ಬಂದವರಿಗೆಲ್ಲ ತೋರಿಸಿದಳು. ಪಕ್ಕದ ಮನೆಯ ಹಾರ್ಮೋನಿಯಂ ಬಂದು ಹೊಸ ಹಲ್ಲೆಲ್ಲ ಕಾಣುವಂತೆ ನಕ್ಕು ಹೋದಳು. ಬೇರೆಯವರನ್ನು ಸಾಲಾಗಿ ನಿಲ್ಲಿಸಿ ನಗಿಸುತ್ತಿದ್ದವನಿಗೆ ತಾನೇ ಸಾಲಿನಲ್ಲಿ ನಿಂತದ್ದು ಎಂಥ ಉರಿ ಎಂದು ಆಗ ಗೊತ್ತಾಯಿತು. ಅವನ ತಲೆಯೊಳಗೆ ತಂಗಿಗೆ ಕೊಡಬೇಕಾದ ಉತ್ತರ ನಾಲ್ಕು ಥರ ಸಿದ್ಧವಾಗಿತ್ತು, ನಾಲ್ಕೂ ಒಂದಕ್ಕಿಂತ ಒಂದು ಹರಿತ. ಬಾಯಿಂದ ಬಂದದ್ದು ಅದೇ ಅದು.

ಹೆಂಡತಿ ಮಾತ್ರ ನಗಲಿಲ್ಲ. "ಸಾಕು ಬಿಡಮ್ಮ. ನಂಗೆ ಅರ್ಥ ಆಗತ್ತಲ್ಲ, ಅಷ್ಟು ಸಾಕು," ಎಂದಳು. ಸುಳ್ಳಲ್ಲ. ಅವನು ಅದು ಎಂದರೆ ನೀರೋ, ಕಿಟಕಿಯೋ, ಬೆನ್ನಿಗೆ ದಿಂಬೋ ಎಂದು ಅವಳಿಗೆ ತಿಳಿಯುತ್ತಿತ್ತು.

ಇನ್ನು ಅಂಗಡಿಯ ವಿಷಯ. ಅಲ್ಲಿ ಎರಡು ಕುರ್ಚಿ. ಒಂದು ರೇಡಿಯೋನದು, ಇನ್ನೊಂದು ಅವನ ಷಡ್ಡಕನದು, ಅಂದರೆ ಹೆಂಡತಿಯ ತಂಗಿಯ ಗಂಡನದು. ಅಂಗಡಿಯಲ್ಲಿ ಅರ್ಧ ಅರ್ಧ ಪಾಲು. ಷಡ್ಡಕ ಕೆಲಸ ಕಲಿತದ್ದೇ ರೇಡಿಯೋನ ಕೈಕೆಳಗೆ, ಅದಕ್ಕೇ ಇವತ್ತಿಗೂ ‘ಗುರು’ ಎಂದು ಕರೆಯುತ್ತಿದ್ದ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು ಕೆಲಸ ಮಾಡಿದವರು. ರೇಡಿಯೋನ ಒಂದು ಅಭ್ಯಾಸವೆಂದರೆ ಸಾಮಾನಿನ ಹೆಸರು ಹೇಳುತ್ತಿರಲಿಲ್ಲ. ಬಾಯಿ ಬೇರೆ ಕೆಲಸದಲ್ಲಿ ಇರುತ್ತಿತ್ತಲ್ಲ! ಅಂಗೈ ಹಿಂದಕ್ಕೆ ಚಾಚಿ "ಅದು" ಎನ್ನುತ್ತಿದ್ದ. ಅಂಗೈ ಅಗಲವಾಗಿದ್ದರೆ ಟವೆಲ್ಲು, ಎರಡು ಬೆರಳು ಚಾಚಿದ್ದರೆ ಕತ್ತರಿ, ಹೆಬ್ಬೆರಳು ಮಡಚಿದ್ದರೆ ಬ್ಲೇಡಿನ ಕತ್ತಿ. ಷಡ್ಡಕ ತಿರುಗಿಯೂ ನೋಡದೆ ಅದನ್ನೇ ಇಡುತ್ತಿದ್ದ.

ಷಡ್ಡಕ ಮನೆಗೆ ಬಂದಾಗ ತಂಗಿ ಅವನಿಗೂ ಫೋನು ತೋರಿಸಿದಳು. ಹೊಸದಾಗಿ ಫಾರ್ಮುಲಾ ಬೇರೆ ಹಾಕಿದ್ದಳು, ಹಸಿರು ಎಷ್ಟು ಎಂದು ಅದೇ ಲೆಕ್ಕ ಹಾಕಿ ಮೇಲ್ಗಡೆ ತೋರಿಸುತ್ತಿತ್ತು.

"ನೂರಕ್ಕೆ ಮೂವತ್ತು!" ಎಂದಳು. "ಹೋದ್ ವಾರ ಇಪ್ಪತ್ತಿತ್ತು. ಅಣ್ಣ ಏರ್ತಿದ್ದಾನೆ."

ಷಡ್ಡಕ ಪರದೆ ನೋಡಿದ. ಆ ತನಕ ಅವನು ರೇಡಿಯೋ ಯಾವಾಗ ಅಂಗಡಿಗೆ ಬರುತ್ತಾನೆ ಎಂಬ ಮಾತನ್ನು ನೇರವಾಗಿ ಎತ್ತಿರಲಿಲ್ಲ. ಎತ್ತುವುದಕ್ಕೆ ಮುಖವಿರಲಿಲ್ಲ, ಷಡ್ಡಕನೂ ಹೌದು, ಶಿಷ್ಯನೂ ಹೌದು. ಈಗ ಕೈಗೆ ಒಂದು ಹಿಡಿಕೆ ಸಿಕ್ಕಿತು.

"ಒಳ್ಳೇದಾಯ್ತು," ಎಂದ. "ಅಕ್ಕ, ತಪ್ಪು ತಿಳ್ಕೋಬೇಡಿ. ಗಿರಾಕಿ ಬಂದು ಕೂತ, ಹಿಂಗ್ ಬೇಕು ಹಂಗ್ ಬೇಕು ಅಂದ, ಗುರು ಅದು ಅಂದ್ರೆ ಹೆಂಗೆ? ಬೇರೊಬ್ಬ ಆ ಕುರ್ಚಿ ನಂಗೆ ಕೊಡ್ರಿ ಅಂತ ದಿನಾ ಬರ್ತಿದಾನೆ. ನಾನು ತಡ್ಕೊಂಡಿದೀನಿ. ಇದ್ರಲ್ಲಿ ಅರವತ್ತು ಬರ್ಲಿ. ಬಂದ್ ದಿನಾನೇ ನಾನೇ ಬಂದು ಕೈ ಹಿಡ್ಕೊಂಡು ಕರ್ಕೊಂಡ್ ಹೋಗ್ತೀನಿ."

"ಇವ್ರಿಗೆ ಕೈ ಚೆನ್ನಾಗಿ ಆಡತ್ತಲ್ಲ," ಎಂದಳು ಹೆಂಡತಿ.

"ಕೈ ಆಡತ್ತೆ ಅಕ್ಕ. ಈ ಟೇಬಲಲ್ಲಿ ಕೈಗೊಂದು ಕಂಬ ಇಲ್ವಲ್ಲ."

ಹೇಳಿ ಅವನೇ ನಕ್ಕ. ಹೋಗುವ ಮುಂಚೆ ತಂಗಿಗೆ ಇನ್ನಷ್ಟು ಮಾತು ಬರೆಸಿದ, ಅಂಗಡಿಗೆ ಬೇಕಾಗುವ ಮಾತು. ಕತ್ತರಿ, ಟವೆಲ್ಲು, ನೊರೆ, ಬ್ರಷ್ಷು, ಕತ್ತಿ. ರೇಡಿಯೋ ಅವನ ಮುಖವನ್ನೇ ನೋಡಿದ. ಆ ಅಂಗಡಿಯಲ್ಲಿ ಎಂದೂ ರೇಡಿಯೋನ ಬಾಯಿಂದ ಬಂದಿರದ ಮಾತುಗಳನ್ನೇ ಹುಡುಕಿ ಹುಡುಕಿ ಬರೆಸುತ್ತಿದ್ದಾನೆ ಎಂಬುದು ಇಬ್ಬರಿಗೂ ಗೊತ್ತಿತ್ತು. ರೇಡಿಯೋ ಹೆಬ್ಬೆರಳು ಮಡಚಿ ಅಂಗೈ ಚಾಚಿದ. ಷಡ್ಡಕ ಕಣ್ಣು ತಪ್ಪಿಸಿ ಚಪ್ಪಲಿ ಹಾಕಿಕೊಂಡ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಶಾಲೆ ಶುರು. ಆ ಕುರ್ಚಿ ಬೇಕು, ಬೇರೇನೂ ಬೇಡ ರೇಡಿಯೋನಿಗೆ. ಬೆಳಿಗ್ಗೆ ತಂಗಿ ಕೆಲಸಕ್ಕೆ ಹೋಗುವ ಮುಂಚೆ ಒಂದು ಸುತ್ತು, ಬಂದ ಮೇಲೆ ಒಂದು ಸುತ್ತು. ನಡುವೆ ಹೆಂಡತಿ ಯಂತ್ರ ತುಳಿಯುತ್ತಲೇ ಹೇಳಿಸುತ್ತಿದ್ದಳು. "ಇದು ಏನ್ರೀ? ಕ... ಕತ್... ಹೇಳಿ ನೋಡೋಣ." ಅವನು ಬೆವರು ಸುರಿಸಿ ಕಲಿತ. ನೀರು ಬಂತು, ಬಾಗಿಲು ಬಂತು. ಕತ್ತರಿ ಬಂತು. ಹೆಂಡತಿಯ ಕೈ ಯಂತ್ರದ ಮೇಲೆ ನಿಂತು, ಅವಳು ಚಿಕ್ಕ ಹುಡುಗಿಯ ಹಾಗೆ ಮುಖ ಅರಳಿಸಿ, "ಬಂತು! ಬಂತಲ್ರೀ!" ಎನ್ನುತ್ತಿದ್ದಳು. ತಂಗಿ ಕೆಂಪನ್ನು ಹಸಿರು ಮಾಡುತ್ತಿದ್ದಳು. ಎಲ್ಲ ಸರಿಯಾಗಿ ಹೇಳಿಯೂ ಕೊನೆಯಲ್ಲಿ ತೊದಲಿದರೆ ಹಳದಿ, ಹಳದಿಗೆ ಅಂಕವಿಲ್ಲ. "ರೂಲ್ಸು ಅಂದ್ರೆ ರೂಲ್ಸು ಅಣ್ಣ," ಎನ್ನುವಳು. ಹೆಂಡತಿಯ ಫೋಟೋ ಬಂದಾಗ ಮಾತ್ರ ಏನು ಮಾಡಿದರೂ ಕೆಂಪೇ. ಅವಳ ಹೆಸರು ಅವನ ತಲೆಯೊಳಗಿತ್ತು, ಗಂಟಲಲ್ಲಿ ಎಲ್ಲೋ ಜಾರಿ ಬೀಳುತ್ತಿತ್ತು. ‘ಹೆಂಡತಿ’ ಎಂದರೂ ಸಾಕು ಎಂದಿದ್ದಳು ತಂಗಿ. ಅದೂ ಬರಲಿಲ್ಲ.

"ನಿಧಾನಕ್ಕೆ ಬರ್ಲಿ ಬಿಡು," ಎನ್ನುತ್ತಿದ್ದಳು ಹೆಂಡತಿ. "ನಾನೆಲ್ಲೂ ಓಡಿ ಹೋಗಲ್ಲ."

ಕೊನೆಗೂ ಅಂಕ ಅರವತ್ತರ ಹೊಸ್ತಿಲಿಗೆ ಬಂದು ನಿಂತಿತು. ಒಂದೇ ಒಂದು ಹಸಿರು ಸಾಕು. ತಂಗಿ ಷಡ್ಡಕನಿಗೆ ಫೋನು ಮಾಡಿದಳು, "ನೀವೇ ಬಂದು ಕಣ್ಣಾರೆ ನೋಡಿ" ಎಂದಳು. ಅಂಗಡಿಗೆ ರಜೆಯಿದ್ದ ದಿನ ಮಧ್ಯಾಹ್ನ ಅವನು ಬಂದ. ರೇಡಿಯೋ ಬೆಳಿಗ್ಗೆಯಿಂದ ಬಿಳಿ ಅಂಗಿ ಹಾಕಿಕೊಂಡು ಕಾಯುತ್ತಿದ್ದ. ಹೆಂಡತಿ ಅದನ್ನು ಇಸ್ತ್ರಿ ಮಾಡಿ, ಕಾಲರಿನ ಹೊಲಿಗೆ ಬಿಚ್ಚಿದ್ದನ್ನು ಮತ್ತೆ ಹಾಕಿ ಕೊಟ್ಟಿದ್ದಳು.

ಷಡ್ಡಕ ಒಳಗೆ ಬರುತ್ತಲೇ ಅವನ ಜೊತೆ ಅಂಗಡಿಯೂ ಬಂತು. ಪೌಡರು, ಷೇವಿಂಗ್ ನೊರೆ, ತಲೆಗೆ ಹಚ್ಚುವ ಎಣ್ಣೆ, ಎಲ್ಲ ವಾಸನೆಯೂ ಅವನ ಬಟ್ಟೆಯಲ್ಲೇ ಇತ್ತು. ಜಾಗವಿಲ್ಲದ್ದಕ್ಕೆ ರೇಡಿಯೋನ ಹಿಂದುಗಡೆ ಸ್ಟೂಲು ಹಾಕಿಕೊಂಡು ಕೂತ. ಇಬ್ಬರ ಬೆನ್ನೂ ಹೆಚ್ಚುಕಮ್ಮಿ ತಾಗುತ್ತಿತ್ತು. ರೇಡಿಯೋನಿಗೆ ಮತ್ತೆ ಅಂಗಡಿಯಲ್ಲೇ ನಿಂತ ಹಾಗಾಯಿತು.

"ಇದು?" ತಂಗಿ ಫೋಟೋ ತೋರಿಸಿದಳು.

"ಕತ್ತರಿ."

"ಇದು?"

"ನೊರೆ."

"ಗುರೂ!" ಎಂದ ಷಡ್ಡಕ ಹಿಂದಿನಿಂದ. ದನಿಯಲ್ಲಿ ಖುಷಿಯೂ ಇತ್ತು, ಇಲ್ಲವೆನ್ನಲಾಗದು. ಬರುತ್ತಾ ಹೋಯಿತು. ಒಂದೆರಡು ತಪ್ಪಿತು, ಒಂದೆರಡು ತೊದಲಿತು. ಹಳೇ ಅಂಕ ಅಲ್ಲೇ ನಿಂತಿತ್ತು.

"ಕೊನೇದು," ಎಂದಳು ತಂಗಿ. "ಇದೊಂದ್ ಬಂದ್ರೆ ಅರವತ್ತು. ಅಣ್ಣ, ಇದಂತೂ ನಿಂಗೆ ಬರ್ಲೇಬೇಕು. ಹೊಸ ಫೋಟೋ ಹಾಕಿದೀನಿ."

ಹಳೇ ಫೋಟೋದಲ್ಲಿ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಹೊಸದನ್ನು ತಂಗಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ತೆಗೆದಿದ್ದಳು. ಎದುರಿನ ಬೀದಿ, ಬಿಸಿಲು, ಬಟ್ಟೆಯ ಚೀಲ ಹಿಡಿದುಕೊಂಡು ಹೆಂಡತಿ ನಡೆದು ಹೋಗುತ್ತಿದ್ದಾಳೆ. ಅಂಗಡಿಯ ಕಡೆ ಅರ್ಧ ಮುಖ ತಿರುಗಿಸಿದ್ದಾಳೆ. ತುಟಿಯ ಮೇಲೆ ಸಣ್ಣ ನಗು.

ರೇಡಿಯೋ ಎಷ್ಟು ವರ್ಷ ಅದೇ ಮೆಟ್ಟಿಲಿನಾಚೆ, ಅದೇ ಬಿಸಿಲಿನಲ್ಲಿ ಅದನ್ನೇ ನೋಡಿದ್ದ. ಯೂನಿಫಾರಂ ತಲುಪಿಸಲು ಅವಳು ಆ ದಾರಿಯಲ್ಲೇ ಹೋಗಬೇಕು. ಹಾಗೆ ಹೋಗುವಾಗಲೆಲ್ಲ ಅವನು ಬೆನ್ನ ಹಿಂದಿನ ಷಡ್ಡಕನಿಗೆ ಒಂದು ಮಾತು ಎಸೆಯುತ್ತಿದ್ದ, ಷಡ್ಡಕ ಒಂದು ಮಾತು ತಿರುಗಿ ಎಸೆಯುತ್ತಿದ್ದ. ಹೊದಿಕೆಯ ಕೆಳಗೆ ಗಿರಾಕಿಗಳ ಭುಜ ಕುಲುಕುತ್ತಿತ್ತು. ಅವರು ನಗುವುದನ್ನು ಕಂಡು, ಗಂಡನ ಅಂಗಡಿಯವರು ಮರ್ಯಾದೆಗೆ ನಗುತ್ತಿದ್ದಾರೆಂದುಕೊಂಡು, ಅವಳೂ ತಲೆಬಾಗಿಸಿ ಒಂದು ನಗು ಕೊಟ್ಟು ಹೋಗುತ್ತಿದ್ದಳು.

ಆ ಮಾತು ಗಂಟಲಲ್ಲಿ ಎದ್ದದ್ದು ರೇಡಿಯೋನಿಗೆ ಗೊತ್ತಾಯಿತು. ಬೇಡ ಎಂದುಕೊಂಡ. ಹಲ್ಲು ಕಚ್ಚಿದ. ಬೇಕಾದ ಮಾತಿಗೆ ಬೆವರು ಸುರಿಸಬೇಕು, ಬೇಡದ್ದು ಎಣ್ಣೆ ಹಚ್ಚಿಕೊಂಡು ಜಾರಿ ಬಂತು. ಒಂದು ತೊದಲಿಲ್ಲ, ತಡೆಯಿಲ್ಲ, ಹಳೇ ರೇಡಿಯೋನ ಗಟ್ಟಿ ದನಿ.

"ಬೀಗ ಬಿದ್ದ ಅಂಗಡಿ."

ಬೆನ್ನ ಹಿಂದಿನಿಂದ, ಯೋಚನೆಗೂ ಮುಂಚೆ, ಷಡ್ಡಕನ ನಾಲಿಗೆ ತನ್ನ ಪಾಲಿನದನ್ನು ಹೇಳಿ ಮುಗಿಸಿತು.

"ಇವತ್ತೂ ತೆಗ್ದಿಲ್ಲ."

ತಂಗಿ ಎದ್ದು ನಿಂತೇಬಿಟ್ಟಳು. "ಬಂತು! ಬಂತು ಅತ್ತಿಗೆ! ಎಷ್ಟ್ ಚೆನ್ನಾಗ್ ಬಂತು! ಆದ್ರೆ... ಅಂಗಡಿ ಅಂದ್ನಲ್ಲ? ಫೋಟೋದಲ್ಲಿ ನೀವಿದ್ದೀರಿ. ಇದಕ್ಕೆ ಹಳದೀನಾ, ಕೆಂಪಾ?"

ಹೆಂಡತಿ ಫೋಟೋ ನೋಡಿದಳು. ಆಮೇಲೆ ಷಡ್ಡಕನನ್ನು ನೋಡಿದಳು. ಅವನು ತುಟಿಯ ಮೇಲೆ ಕೈ ಇಟ್ಟುಕೊಂಡಿದ್ದ. ಮಕ್ಕಳಾಗಲಿಲ್ಲವೆಂದು ಅವಳು ಹತ್ತಿದ ಆಸ್ಪತ್ರೆಗಳ ಮೆಟ್ಟಿಲು, ಹೊಟ್ಟೆಗೆ ಚುಚ್ಚಿಸಿಕೊಂಡ ಸೂಜಿಗಳು, ಕೊನೆಗೆ ಇನ್ನು ಸಾಕು ಎಂದು ಗಂಡನ ಎದೆಗೊರಗಿ ಅತ್ತದ್ದು, ಅಷ್ಟೂ ಗೊತ್ತಿದ್ದವನು ಒಬ್ಬನೇ ಇದ್ದ. ಅವನು ಬಿಳಿ ಅಂಗಿ ಹಾಕಿಕೊಂಡು ಎದುರಿಗೆ ಕೂತಿದ್ದ.

"ಎಲ್ರೂ ನಗ್ತಿದ್ರಾ?" ಎಂದಳು.

"ಅಕ್ಕ, ಅದು ತಮಾಷೆಗೆ... ಅಂಗಡೀಲಿ ಏನೇನೋ ಬರತ್ತೆ..."

"ನಾನು ತಿರುಗಿ ನಗ್ತಿದ್ನಲ್ಲ, ಅದಕ್ಕೂ ನಗ್ತಿದ್ರಾ?"

ಹೆಂಡತಿ ತಂಗಿಯ ಕಡೆ ತಿರುಗಿದಳು. ದನಿ ಎತ್ತರಿಸಲಿಲ್ಲ, ಯೂನಿಫಾರಮ್ಮಿನ ಅಳತೆ ಕೇಳುವವಳ ಹಾಗೇ ಇತ್ತು. "ಹಸಿರು ಹಾಕು."

"ಅತ್ತಿಗೆ?"

"ಹಸಿರು ಹಾಕಮ್ಮ. ಅವ್ರು ತಪ್ಪೇನೂ ಹೇಳಿಲ್ಲ. ಇದ್ರಲ್ಲಿ ಹೊಸ ಸಾಲು ಸೇರಿಸ್ಬಹುದು ಅಂದಿದ್ದೆಯಲ್ಲ? ಸೇರಿಸು. ನಿನ್ನ ಹಾಕು." ತಂಗಿಯ ಗಲ್ಲ ಹಿಡಿದು ಅವಳ ಮುಖವನ್ನು ಗಂಡನ ಕಡೆ ತಿರುಗಿಸಿದಳು. "ರೀ, ಇಲ್ಲಿ ನೋಡಿ. ಇವಳಿಗೆ ಏನಂತೀರಿ?"

ರೇಡಿಯೋ ತಲೆ ಅಲ್ಲಾಡಿಸಿದ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಹೆಂಡತಿ ಒಂದೊಂದೇ ಬೆರಳು ಬಿಡಿಸಿದಳು, ಕೈ ಆಡದ ದಿನಗಳಲ್ಲಿ ಊಟ ಮಾಡಿಸುವಾಗ ಬಿಡಿಸುತ್ತಿದ್ದಷ್ಟೇ ಮೆತ್ತಗೆ.

"ಹೇಳಿ. ಬರತ್ತೆ ನಿಮಗೆ."

"ವಾಪಸ್ ಪಾರ್ಸಲ್ಲು."

ತಂಗಿಯ ಹೆಬ್ಬೆರಳು ಫೋನಿನ ಮೇಲೆ ನಿಂತಿತ್ತು. ದಿನವಿಡೀ ಅವಳು ಆಫೀಸಿನಲ್ಲಿ ಮಾಡುವುದು ಅದೇ, ಪಡೆಯುವವರು ಬೇಡವೆಂದ ಪೆಟ್ಟಿಗೆಗಳಿಗೆ ಕೆಂಪು ಚೀಟಿ ಅಂಟಿಸುವುದು. ಅಣ್ಣನ ಅಂಗಡಿಯ ಗಿರಾಕಿಗಳೆಲ್ಲ ದಾರಿಯಲ್ಲಿ ಸಿಕ್ಕಾಗ ಅವಳನ್ನು "ಏನಮ್ಮ, ಪಾರ್ಸಲ್ಲೆಲ್ಲ ಹೆಂಗಿದೆ?" ಎಂದು ಯಾಕೆ ಅಷ್ಟು ಅಕ್ಕರೆಯಿಂದ ಕೇಳುತ್ತಿದ್ದರೆಂದು ಈಗ ಹೊಳೆಯಿತು. ಅವಳು ಕೂತಳು. ಏನನ್ನೂ ಬರೆಯಲಿಲ್ಲ.

ಹೆಂಡತಿ ಅವಳ ಕೈಯಿಂದ ಫೋನು ತೆಗೆದುಕೊಂಡಳು. ನೋಡಿ ನೋಡಿ ಅವಳಿಗೂ ಬಂದಿತ್ತು. ಸಾಲು ಸೇರಿಸಿದಳು, ಹಸಿರು ಒತ್ತಿದಳು.

"ಅಕ್ಕ, ನಾನಿನ್ನು ಬರ್ತೀನಿ," ಷಡ್ಡಕ ಎದ್ದ.

"ಕೂತ್ಕೊಳ್ಳಿ. ನಿಮ್ದೂ ಆಗ್ಬಿಡ್ಲಿ."

"ನಂದೇನಿರತ್ತೆ ಅಕ್ಕ, ನಾನು ಪಾಲುದಾರ..." ಎಂದು ನಗಲು ನೋಡಿದ.

"ರೀ, ಇವ್ರಿಗೆ?"

ರೇಡಿಯೋ ಕಣ್ಣು ಮುಚ್ಚಿದ. ಆ ಕುರ್ಚಿ ಈಗ ಕೈಗೆ ಸಿಕ್ಕಿದೆ, ಅಂಕ ಬಂದಾಗಿದೆ, ಇನ್ನು ಬಾಯಿ ಬಿಡದಿದ್ದರೆ ಸಾಕು. ಉಸಿರು ಬಿಗಿಹಿಡಿದ. ಎಷ್ಟು ಹೊತ್ತು ಹಿಡಿಯಬಹುದು? ಉಸಿರು ಬಿಟ್ಟಾಗ ಅದರ ಜೊತೆಗೇ ಬಂತು.

"ಕುರಿ ಕಟಿಂಗು."

ಷಡ್ಡಕನಿಗೆ, ಗಿರಾಕಿ ಹೆಚ್ಚಾದಾಗ ಒಬ್ಬನನ್ನು ತನ್ನ ಕುರ್ಚಿಗೆ ಕರೆದರೆ ಉಳಿದವರು "ಹೋಗಪ್ಪ, ಕುರಿ ಕಟಿಂಗ್ ಮಾಡಿಸ್ಕೋ" ಎಂದು ಕಣ್ಣು ಮಿಟುಕಿಸುತ್ತಿದ್ದುದು ನೆನಪಾಯಿತು. ಗುರು ಅದೊಂದು ಹೊಸ ಫ್ಯಾಷನ್ನು ಎಂದಿದ್ದ. ಪಾಪ, ಇವನೂ ನಂಬಿ "ಬನ್ನಿ ಬನ್ನಿ, ಅದೂ ಮಾಡ್ತೀನಿ" ಎನ್ನುತ್ತಿದ್ದ.

"ಅರವತ್ತು ದಾಟಿದೆ," ಎಂದಳು ಹೆಂಡತಿ ಫೋನು ನೋಡಿ.

"ದಾಟಿದೆ," ಎಂದ ಷಡ್ಡಕ. ಮುಖ ಕಪ್ಪಿಟ್ಟಿತ್ತು. "ನನ್ ಮಾತು ನಾನು ಉಳಿಸ್ಕೋತೀನಿ. ಕುರ್ಚಿ ಇವನದೇ. ಆದ್ರೆ ನನ್ ಅಂಗಡೀಲಿ ಬೇಡ. ಇಲ್ಲಿಗೇ ಕಳಿಸ್ತೀನಿ. ಇಡೀ ದಿನ ಕೂತ್ಕೊಂಡು ಹೆಸರಿಡ್ಲಿ."

ಕಳಿಸಿಯೂ ಬಿಟ್ಟ. ಎರಡು ದಿನದಲ್ಲಿ ಇಬ್ಬರು ಹಮಾಲಿಗಳು ಆ ಕಬ್ಬಿಣದ ಕುರ್ಚಿಯನ್ನು ಹೊತ್ತು ತಂದರು. ಬಾಗಿಲಲ್ಲಿ ಹಿಡಿಸಲಿಲ್ಲ, ಅದರ ಒಂದು ತೋಳು ಬಿಚ್ಚಿ ಓರೆ ಮಾಡಿ ನುಗ್ಗಿಸಿದರು. ಗೋಡೆಗೆ ಮುಖ ಮಾಡಿ ಇಟ್ಟು ಹೋದರು. ಅಲ್ಲಿ ಕನ್ನಡಿಯಿರಲಿಲ್ಲ, ಸುಣ್ಣ ಎದ್ದಿದ್ದ ಗೋಡೆಯಷ್ಟೆ. ತಂಗಿ ಅಷ್ಟರಲ್ಲಿ ಆಫೀಸಿನ ಹತ್ತಿರ ಬೇರೆ ರೂಮು ಹಿಡಿದಿದ್ದಳು. ಆ ಟೇಬಲ್ಲನ್ನು ಅತ್ತಿಗೆಯ ಫೋನಿಗೆ ಕಳಿಸಿ ತನ್ನದರಿಂದ ಅಳಿಸಿ ಹೋದಳು. ಹೋಗುವಾಗ ಅಣ್ಣ ಎನ್ನಲಿಲ್ಲ.

ಹೆಂಡತಿ ಎಲ್ಲಿಗೂ ಹೋಗಲಿಲ್ಲ. ಅವಳು ಬಯ್ಯಲಿಲ್ಲ, ಅಳಲಿಲ್ಲ. ಊಟ ಹಾಕಿದಳು, ಮಾತ್ರೆ ಕೊಟ್ಟಳು. ಬೀದಿಯವರು ಯಾರಾದರೂ ಬಂದರೆ ಮಾತ್ರ "ಬನ್ನಿ, ನಿಮಗೇನಂತಾರೆ ಕೇಳೋಣ" ಎಂದು ಫೋನು ತೆಗೆಯುತ್ತಿದ್ದಳು. ಮೊದಮೊದಲು 'ತಮಾಷೆ ಇದು' ಎಂದುಕೊಂಡು ಜನ ತಾವಾಗಿಯೇ ಬಂದರು. ನಲ್ಲಿ ಬಂದ, ರಿಪೀಟು ಬಂದ, ಹಾರ್ಮೋನಿಯಂ ಗಂಡನ ಜೊತೆ ಬಂದಳು. ಎಲ್ಲರೂ ತಮ್ಮ ಹೆಸರು ಕೇಳಿ ಜೋರಾಗಿ ನಕ್ಕರು, ಮೆಟ್ಟಿಲಿಳಿಯುವಾಗ ನಗಲಿಲ್ಲ. ಮತ್ತೊಮ್ಮೆ ಬರಲಿಲ್ಲ. ಟೇಬಲ್ಲಿನಲ್ಲಿ ಹಸಿರು ಏರುತ್ತಾ ಹೋಯಿತು. ಮಾತಿನ ಡಾಕ್ಟರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಶಾಲೆಯ ಗುಮಾಸ್ತರು ಬಂದರು. ಮೆತ್ತಗಿನ ಮನುಷ್ಯ, ಯೌವನದಿಂದ ರೇಡಿಯೋನ ಕೈಗೆ ಬಿಟ್ಟರೆ ಬೇರೆಯವರ ಕೈಗೆ ಗಡ್ಡ ಕೊಟ್ಟವರಲ್ಲ. ಬಗಲಲ್ಲಿ ಟವೆಲ್ಲು, ಕೈಯಲ್ಲಿ ಹೊಸ ಬ್ಲೇಡು.

"ಕೆಲ್ಸ ಮರೀಬಾರ್ದಪ್ಪ," ಎಂದರು. "ನಿನ್ ಕುರ್ಚಿ ಇಲ್ಲಿದೆ, ನನ್ ಗಡ್ಡ ಇಲ್ಲಿದೆ. ಮಾತು ಯಾರಿಗ್ ಬೇಕು? ಎಳಿ ನೋಡೋಣ."

ರೇಡಿಯೋನ ಕಣ್ಣು ತುಂಬಿತು. ಒಬ್ಬ ಗಿರಾಕಿ! ಒಬ್ಬ ಬಂದರೆ ಅವನ ಹಿಂದೆ ಇನ್ನೊಬ್ಬ ಬರುತ್ತಾನೆ, ಅಂಗಡಿ ಇಲ್ಲದಿದ್ದರೆ ಮನೆಯೇ ಅಂಗಡಿ. ಕತ್ತಿಗೆ ಹೊದಿಕೆ ಕಟ್ಟಿದ, ನೀರು ಕಾಯಿಸಿದ, ನೊರೆ ಎಬ್ಬಿಸಿದ, ಮುಖಕ್ಕೆ ಹಚ್ಚಿದ. ಬಲಗೆನ್ನೆಯನ್ನು ಒಂದೇ ಎಳೆತಕ್ಕೆ ರೇಷ್ಮೆ ಮಾಡಿದ. ಗುಮಾಸ್ತರು ಕಣ್ಣು ಮುಚ್ಚಿ, "ಆಹಾ, ಇದಕ್ಕೇ ಬಂದಿದ್ದು," ಎಂದರು.

ಹೆಂಡತಿ ಯಂತ್ರ ನಿಲ್ಲಿಸಿ ಬಂದು ಬಾಗಿಲ ಪಕ್ಕ ನಿಂತಳು. "ನಿಮ್ ಹೆಸರು ಕೇಳ್ಲಿಲ್ವಾ ಗುಮಾಸ್ತ್ರೇ? ಬೀದೀಲಿ ಎಲ್ರೂ ಕೇಳ್ಕೊಂಡ್ ಹೋದ್ರು."

"ನಂಗೂ ಇಟ್ಟಿದಾನಾ ಕಳ್ಳ?" ಗುಮಾಸ್ತರು ನೊರೆಯೊಳಗೇ ನಕ್ಕರು. "ಹೇಳಪ್ಪ, ಅದೂ ಕೇಳೇಬಿಡೋಣ. ನಂಗ್ಯಾಕ್ ಬೇಜಾರು?"

ರೇಡಿಯೋ ಮೊದಲು ಕತ್ತಿಯನ್ನು ಅವರ ಗಂಟಲಿನಿಂದ ದೂರ ತೆಗೆದ. ಆಮೇಲೆ ತಾನು ಕಲಿತದ್ದನ್ನೆಲ್ಲ ಗಟ್ಟಿಯಾಗಿ ಹೇಳತೊಡಗಿದ. "ಕತ್ತರಿ. ನೀರು. ನೊರೆ. ಬಾಗಿಲು. ನೊರೆ." ಬಾಗಿಲಿಗೆ ಅಡ್ಡ ಹಲಗೆ ಹೊಡೆಯುವವನ ಹಾಗೆ ಒಂದರ ಮೇಲೊಂದು ಜೋಡಿಸಿದ. ಗುಮಾಸ್ತರ ಒಬ್ಬನೇ ಮಗ ನೋಡಲು ತಂದೆಯಂತಿರಲಿಲ್ಲ. ಯಾವಾಗಲೋ ಆ ಹುಡುಗ ಅಪ್ಪನ ಕೈ ಹಿಡಿದುಕೊಂಡು ಅಂಗಡಿಯ ಮುಂದೆ ಹೋದಾಗ ರೇಡಿಯೋ ಒಂದು ಮಾತು ಅಂದಿದ್ದ. ಅಂಗಡಿಯೆಲ್ಲ ನಕ್ಕಿತ್ತು. ಅದರಲ್ಲಿ ನಿಜವಿದೆಯೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ, ನಗು ಬಂದರೆ ಸಾಕಿತ್ತು.

"ನೀರು. ಬಾಗಿಲು. ಕತ್... ಅದು. ಅದು..."

"ಏನಪ್ಪ ಅದು?" ಎಂದರು ಗುಮಾಸ್ತರು ಅಕ್ಕರೆಯಿಂದ.

"ಬಾಡಿಗೆ ಅಪ್ಪ."

ಗುಮಾಸ್ತರ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು. ಆಮೇಲೆ ಅವರು ಹೊದಿಕೆಯನ್ನು ತಾವೇ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಕುರ್ಚಿಯ ಮೇಲಿಟ್ಟರು. ಟವೆಲ್ಲು ಮರೆತರು. ಎಡಗೆನ್ನೆಯ ನೊರೆಯನ್ನು ಒರೆಸಿಕೊಳ್ಳದೆ ಹಾಗೇ ಮೆಟ್ಟಿಲಿಳಿದರು.

ರೇಡಿಯೋ ಕತ್ತಿ ಹಿಡಿದುಕೊಂಡೇ ಬಾಗಿಲಿಗೆ ಓಡಿದ. ಗುಮಾಸ್ತರೇ ನಿಲ್ಲಿ ಎನ್ನಬೇಕು, ತಪ್ಪಾಯಿತು ಎನ್ನಬೇಕು, ಅರ್ಧ ಗಡ್ಡದಲ್ಲಿ ಹೋಗಬೇಡಿ ಎನ್ನಬೇಕು. ಅವರು ಆಗಲೇ ಬೀದಿಯ ನಡುವೆ ಇದ್ದರು. ಅಂಗಡಿಗಳು ತೆರೆದಿದ್ದವು, ಶಾಲೆಗೆ ಹೋಗುವ ಮಕ್ಕಳು ಗುಂಪುಗುಂಪಾಗಿ ನಡೆಯುತ್ತಿದ್ದರು. ಕೂಗಿ ಕರೆಯಲು ಅವನಲ್ಲಿ ಅವರಿಗೆ ಇದ್ದದ್ದು ಒಂದೇ ಹೆಸರು. ಎದೆ ತುಂಬ ಉಸಿರೆಳೆದುಕೊಂಡು, ಇಡೀ ಬೀದಿ ತಿರುಗಿ ನೋಡುವ ಹಾಗೆ, ಅದನ್ನೇ ಕೂಗಿದ.